ಹಿಮಾಲಯ ಖಾಲಿ ಇರಲಿಲ್ಲ: ರೋರಿಕ್ ಚಿತ್ರಗಳ ಏಕಾಂತದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಬ್ಬ ಚಿತ್ರಕಾರರ ಬಗ್ಗೆ, ಅವರು ಬರೆದ ಬೆಟ್ಟಗಳ ಬಗ್ಗೆ.

ಬೆಂಗಳೂರಿನ ಕನಕಪುರ ರಸ್ತೆ ಕಡೆಯವರಿಗೆ ರೋರಿಕ್ ಅನ್ನೋ ಹೆಸರು ಹೊಸದಲ್ಲ. ರೋರಿಚ್ ಅಂತಲೂ ಬರೀತಾರೆ. ತಾತಗುಣಿ ಎಸ್ಟೇಟ್ ಇದೆಯಲ್ಲ, ನಟಿ ದೇವಿಕಾ ರಾಣಿ ಮತ್ತು ಅವರ ಪತಿ, ಕಲಾವಿದ ಸ್ವೆತೊಸ್ಲಾವ್ ರೋರಿಕ್ ಬಾಳಿದ ಜಾಗ ಅದು. ಸ್ವೆತೊಸ್ಲಾವ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ತೀರಿಕೊಂಡರು. ಆಮೇಲೆ ಎಸ್ಟೇಟಿನ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, 2011ರಲ್ಲಿ ರಾಜ್ಯ ಸರ್ಕಾರದ ಪರ ತೀರ್ಪು ಬಂತು. ನಮ್ಮ ಪತ್ರಿಕೆಗಳಲ್ಲಿ ಈ ಹೆಸರು ಹೆಚ್ಚಾಗಿ ಕಾಣಿಸಿಕೊಂಡಿದ್ದು ಹೀಗೇ, ಎಕರೆಗಳ ಲೆಕ್ಕದಲ್ಲಿ.

ನಾನು ಹೇಳಬೇಕು ಅಂತಿರೋದು ಸ್ವೆತೊಸ್ಲಾವ್ ಅವರ ಕಥೆ ಅಲ್ಲ, ಅವರ ತಂದೆ ನಿಕೋಲಸ್ ರೋರಿಕ್ ಅವರದು. ಹಿಮಾಲಯವನ್ನು ಇಷ್ಟೊಂದು ಸಲ ಬಿಡಿಸಿದ ಇನ್ನೊಬ್ಬ ಕಲಾವಿದರನ್ನು ಹುಡುಕೋದು ಕಷ್ಟ. ಆ ಚಿತ್ರಗಳನ್ನು ನೀವು ನೋಡಿಲ್ಲ ಅಂದರೆ ಸುಮ್ಮನೆ ಕಲ್ಪಿಸಿಕೊಳ್ಳಿ. ಕೆಳಗೆ ಕಡುನೀಲಿ ಬೆಟ್ಟದ ಸಾಲು. ಅದರ ಹಿಂದೆ ನೇರಳೆ ಬಣ್ಣದ ಇನ್ನೊಂದು ಸಾಲು. ನಡುವೆ ಬೆಳ್ಳಗೆ ಮೋಡ ತುಂಬಿಕೊಂಡಿದೆ. ತುದಿಯಲ್ಲಿ ಒಂದೇ ಒಂದು ಹಿಮದ ಶಿಖರ, ಅದರ ಮೇಲೆ ಮಾತ್ರ ಬೆಳಗಿನ ಬಿಸಿಲು. ಕೆಲವು ಚಿತ್ರಗಳಲ್ಲಿ ಯಾವುದೋ ಬಂಡೆಯ ಅಂಚಿನಲ್ಲಿ ಒಬ್ಬ ಸಾಧು ಕೂತಿರ್ತಾನೆ, ಹೆಬ್ಬೆರಳಿನ ಉಗುರಿನಷ್ಟು. ಬಹಳ ಚಿತ್ರಗಳಲ್ಲಿ ಅವನೂ ಇರೋಲ್ಲ.

ಈ ಚಿತ್ರಗಳ ಮುಂದೆ ನಿಂತವರ ದನಿ ತಾನಾಗೇ ತಗ್ಗುತ್ತೆ, ದೇವಸ್ಥಾನದ ಒಳಗೆ ಹೋದಾಗ ಆಗೋ ಹಾಗೆ. ಅದನ್ನು ನಾನು ಗೇಲಿ ಮಾಡ್ತಿಲ್ಲ, ನನಗೂ ಹಾಗೇ ಆಗುತ್ತೆ. ಆದರೆ ನಾನು ಬಿ.ಕಾಂ ಓದಿದವನು. ಯಾವ ಕಥೆ ಕೇಳಿದರೂ, ಇದಕ್ಕೆ ದುಡ್ಡು ಎಲ್ಲಿಂದ ಬಂತು, ಮೂಟೆ ಹೊತ್ತವರು ಯಾರು ಅಂತ ತಲೆ ಓಡುತ್ತೆ. ಹದಿನೈದು ಹದಿನೆಂಟು ಸಾವಿರ ಅಡಿ ಎತ್ತರಕ್ಕೆ ಕ್ಯಾನ್ವಾಸು, ಬಣ್ಣ, ಡೇರೆ, ಅಕ್ಕಿ ತಾವಾಗೇ ಹೋಗೋದಿಲ್ಲ ಅಲ್ವಾ? ಹಾಗಾದರೆ ಅವನ್ನು ಹೊತ್ತೊಯ್ದವರು ಚಿತ್ರದಲ್ಲಿ ಯಾಕಿಲ್ಲ? ಅವರಿಲ್ಲದ ಚಿತ್ರದ ಆಧ್ಯಾತ್ಮ ನಿಜವಾದದ್ದೇ?

ಅದಕ್ಕೆ ಉತ್ತರ ಹುಡುಕೋ ಮೊದಲು ರೋರಿಕ್‌ಗಿಂತ ಹಿಂದಿನ ಎರಡು ಬೆಟ್ಟಗಳನ್ನು ಒಮ್ಮೆ ನೋಡಿ ಬರೋಣ. ಒಂದು ಚೀನಾದ್ದು, ಒಂದು ಜರ್ಮನಿಯದು.

ಹೇಸರಗತ್ತೆಗಳ ಸಾಲು

ಚೀನಾದಲ್ಲಿ ಬೆಟ್ಟ ಮತ್ತು ನೀರಿನ ಚಿತ್ರ ಅನ್ನೋದೇ ಒಂದು ದೊಡ್ಡ ಪರಂಪರೆ. ಅದರ ಶಿಖರ ಅಂತ ಅನೇಕರು ಒಪ್ಪೋದು ಫಾನ್ ಕುವಾನ್ ಅನ್ನೋ ಕಲಾವಿದ ಸಾಂಗ್ ರಾಜವಂಶದ ಕಾಲದಲ್ಲಿ, ಅಂದರೆ ಸುಮಾರು ಸಾವಿರ ವರ್ಷದ ಹಿಂದೆ, ರೇಷ್ಮೆ ಮೇಲೆ ಬರೆದ ಚಿತ್ರವನ್ನು. ಈಗ ಅದು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಎರಡು ಮೀಟರಿಗೂ ಸ್ವಲ್ಪ ಜಾಸ್ತಿ, ಬಾಗಿಲಿನಷ್ಟು ಅಂದುಕೊಳ್ಳಿ. ಆ ಬಾಗಿಲಿನ ಮೇಲಿನ ಹೆಚ್ಚಿನ ಭಾಗ ಒಂದೇ ಒಂದು ಬಂಡೆಬೆಟ್ಟ. ಅದರ ಸಂದಿಯಲ್ಲಿ ದಾರದಷ್ಟು ತೆಳ್ಳಗೆ ಜಲಪಾತ. ಫಾನ್ ಕುವಾನ್ ಊರು ಬಿಟ್ಟು ಬೆಟ್ಟದಲ್ಲಿ ಒಬ್ಬರೇ ಬದುಕಿದವರು ಅಂತ ಹಳೆಯ ಬರಹಗಳು ಹೇಳ್ತವೆ.

ಆದರೆ ಚಿತ್ರದ ಕೆಳಗೆ, ಬಲಗಡೆ ಮೂಲೆ ನೋಡಿ. ಬೆನ್ನ ಮೇಲೆ ಹೇರು ಹೊತ್ತ ಹೇಸರಗತ್ತೆಗಳ ಒಂದು ಸಾಲು ಬರ್ತಿದೆ. ಜೊತೆಗೆ ಅವನ್ನು ಹೊಡೆದುಕೊಂಡು ಬರೋ ಆಳುಗಳು. ಅಂದರೆ ಸರಕು ಸಾಗಿಸೋರು, ನಮ್ಮ ಕಡೆಯ ಹಳೆಯ ಕಾಲದ ಗಾಡಿಯವರ ಥರ. ಕಲಾವಿದನ ಸಹಿ ಇರೋದೂ ಅದೇ ಜಾಗದಲ್ಲಿ, ಎಲೆಗಳ ನಡುವೆ ಅಡಗಿಕೊಂಡು. ಅದು ಯಾರ ಕಣ್ಣಿಗೂ ಬೀಳದೆ ಇದ್ದು, 1958ರಲ್ಲಿ ಪತ್ತೆ ಆಯ್ತು. ಯೋಚಿಸಿ, ಬೆಟ್ಟದಲ್ಲಿ ಒಂಟಿಯಾಗಿದ್ದ ಮನುಷ್ಯ ತನ್ನ ಹೆಸರನ್ನು ಇಟ್ಟಿದ್ದು ಶಿಖರದ ಪಕ್ಕದಲ್ಲಲ್ಲ, ಕತ್ತೆಗಳ ಪಕ್ಕದಲ್ಲಿ.

ಅದೇ ಹನ್ನೊಂದನೇ ಶತಮಾನದಲ್ಲಿ ಗುವೊ ಷಿ ಅಂತ ಇನ್ನೊಬ್ಬ ದೊಡ್ಡ ಕಲಾವಿದರಿದ್ದರು, ಅರಮನೆಯ ಚಿತ್ರಕಾರರು. ಜನಕ್ಕೆ ಬೆಟ್ಟದ ಚಿತ್ರ ಯಾಕೆ ಬೇಕು ಅನ್ನೋದಕ್ಕೆ ಅವರ ಹೆಸರಿನಲ್ಲಿರೋ ಬರಹದಲ್ಲಿ ಒಂದು ಕಾರಣ ಇದೆ. ಅದರ ಸಾರ ಇಷ್ಟು: ಒಳ್ಳೆಯ ಮನುಷ್ಯನಿಗೆ ಬೆಟ್ಟಕ್ಕೆ ಹೋಗಿ ಇರೋ ಆಸೆ. ಆದರೆ ಅವನಿಗೆ ರಾಜನ ಕೆಲಸ ಇದೆ, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ, ಬಿಟ್ಟು ಹೋಗೋಕೆ ಆಗೋದಿಲ್ಲ. ಹಾಗಾಗಿ ಕೂತಲ್ಲೇ ಬೆಟ್ಟ ಸುತ್ತೋಕೆ ಚಿತ್ರ ಬೇಕು. ಅಂದರೆ ಬೆಟ್ಟದ ಚಿತ್ರ ಬೇಕಾಗಿದ್ದು ಸನ್ಯಾಸಿಗಳಿಗಲ್ಲ, ಫೈಲು ಬಿಟ್ಟು ಏಳೋಕಾಗದ ಅಧಿಕಾರಿಗಳಿಗೆ.

ಈಗ ಅಲ್ಲಿಂದ ಎಂಟುನೂರು ವರ್ಷ ಮುಂದೆ, ಜರ್ಮನಿಗೆ ಬನ್ನಿ. ಕಾಸ್ಪರ್ ಡೇವಿಡ್ ಫ್ರೀಡ್ರಿಕ್. ಮಂಜಿನ ಸಮುದ್ರದ ಮೇಲೆ, ಬಂಡೆ ತುದಿಯಲ್ಲಿ ಕೋಲು ಊರಿ, ನಮಗೆ ಬೆನ್ನು ಹಾಕಿ ನಿಂತ ಕೋಟುಧಾರಿಯ ಚಿತ್ರ ನಿಮ್ಮ ಫೋನಲ್ಲೂ ಎಲ್ಲೋ ಬಂದಿರುತ್ತೆ. ಪುಸ್ತಕದ ಮುಖಪುಟ, ಟ್ರೆಕ್ಕಿಂಗ್ ಪೋಸ್ಟರ್, ಎಲ್ಲದರ ಮೇಲೂ ಇದೆ. ಸುಮಾರು 1818ರ ಚಿತ್ರ ಅದು, ಹ್ಯಾಂಬರ್ಗ್‌ನಲ್ಲಿದೆ. ಫ್ರೀಡ್ರಿಕ್ ಅದಕ್ಕೂ ಹತ್ತು ವರ್ಷ ಮೊದಲು, 1808ರಲ್ಲಿ, ಬೆಟ್ಟದ ತುದಿಯ ಮೇಲೆ ಒಂದು ಶಿಲುಬೆ ಇರೋ ಚಿತ್ರ ಬರೆದು ಅದನ್ನೇ ಪೂಜಾಪೀಠದ ಚಿತ್ರವಾಗಿ ಮಾಡಿದ್ದರು. ಅದಕ್ಕೆ ರಾಮ್‌ಡೋರ್ ಅನ್ನೋ ವಿಮರ್ಶಕ ಸಿಟ್ಟಾದ. ಪ್ರಕೃತಿಚಿತ್ರ ಹೋಗಿ ಪೂಜೆಯ ಜಾಗದಲ್ಲಿ ಕೂರೋದು ಅಂದರೇನು ಅಂತ. ಬೆಟ್ಟವನ್ನೇ ದೇವರ ಚಿತ್ರ ಅಂತ ಒಪ್ಪೋದು ಅಷ್ಟು ಸುಲಭ ಇರಲಿಲ್ಲ.

ಇದೇ ಫ್ರೀಡ್ರಿಕ್ 1824-25ರಲ್ಲಿ ಆಲ್ಪ್ಸ್‌ನ ವಾಟ್ಸ್‌ಮನ್ ಶಿಖರದ ಭವ್ಯ ಚಿತ್ರ ಮಾಡಿದರು. ಆದರೆ ಅವರು ಆಲ್ಪ್ಸ್ ಬೆಟ್ಟಗಳಿಗೆ ಒಮ್ಮೆಯೂ ಹೋಗಿರಲಿಲ್ಲ. ಶಿಷ್ಯನೊಬ್ಬ ಮಾಡಿದ್ದ ಜಲವರ್ಣದ ಚಿತ್ರ ಇಟ್ಟುಕೊಂಡು, ಬೇರೆ ಕಡೆ ತಾವು ಮಾಡಿದ್ದ ಬಂಡೆಗಳ ರೇಖಾಚಿತ್ರ ಸೇರಿಸಿ, ಡ್ರೆಸ್ಡೆನ್ ಊರಿನ ತಮ್ಮ ಕೋಣೆಯಲ್ಲಿ ಕೂತು ಕಟ್ಟಿದ ಶಿಖರ ಅದು.

ಇವೆರಡನ್ನೂ ಯಾಕೆ ಹೇಳಿದೆ ಅಂದರೆ, ಬೆಟ್ಟದ ಚಿತ್ರದ ಏಕಾಂತ ಕಣ್ಣಿಗೆ ಕಂಡದ್ದರ ವರದಿ ಅಲ್ಲ. ಅದನ್ನು ಒಬ್ಬ ಮನುಷ್ಯ ತನಗೆ ಬೇಕು ಅಂತ ಕಟ್ಟಿಕೊಂಡಿರ್ತಾನೆ. ಯಾವುದನ್ನು ಚಿತ್ರದೊಳಗೆ ಬಿಡಬೇಕು, ಯಾವುದನ್ನು ಹೊರಗಿಡಬೇಕು ಅಂತ ಅವನೇ ತೀರ್ಮಾನ ಮಾಡ್ತಾನೆ. ಫಾನ್ ಕುವಾನ್ ಹೇಸರಗತ್ತೆಗಳನ್ನು ಒಳಗೆ ಬಿಟ್ಟರು. ರೋರಿಕ್ ಏನು ಮಾಡಿದರು ಅನ್ನೋದು ನಮ್ಮ ಕಥೆ.

ವಕೀಲರ ಮಗ, ಬೆಟ್ಟದ ದಾರಿ

ನಿಕೋಲಸ್ ರೋರಿಕ್ ಹುಟ್ಟಿದ್ದು 1874ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಕಾನೂನು ವೃತ್ತಿಯವರು, ಮಗನೂ ಅದನ್ನೇ ಓದಲಿ ಅನ್ನೋ ಆಸೆ. ಮಗನಿಗೆ ಚಿತ್ರಕಲೆ ಬೇಕು. ರಾಜಿ ಹೇಗಾಯ್ತು ಅಂದರೆ, 1893ರಲ್ಲಿ ಹುಡುಗ ಎರಡಕ್ಕೂ ಸೇರಿದ, ವಿಶ್ವವಿದ್ಯಾಲಯದಲ್ಲಿ ಕಾನೂನು, ಅಕಾಡೆಮಿಯಲ್ಲಿ ಕಲೆ. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದು!

ಅಕಾಡೆಮಿಯಲ್ಲಿ ಸಿಕ್ಕ ಗುರು ಅರ್ಖಿಪ್ ಕುಯಿಂಜಿ. ಬೆಳಕಿನ ಮಾಂತ್ರಿಕ ಅನ್ನಿಸಿಕೊಂಡವರು. 1880ರಲ್ಲಿ ದ್ನಿಪ್ರೊ ನದಿಯ ಬೆಳದಿಂಗಳಿನ ಚಿತ್ರವೊಂದನ್ನು ಕತ್ತಲೆ ಕೋಣೆಯಲ್ಲಿ, ಅದೊಂದನ್ನೇ ಇಟ್ಟು ಪ್ರದರ್ಶನ ಮಾಡಿದ್ದರು, ಜನ ಮುಗಿಬಿದ್ದು ನೋಡಿದ್ದರು. ಸುತ್ತ ಎಲ್ಲ ಕತ್ತಲಾಗಿ ಒಂದೇ ಕಡೆ ಬೆಳಕು ಬೀಳೋ ರೋರಿಕ್ ಅವರ ಶಿಖರಗಳನ್ನು ನೋಡಿದಾಗ ಆ ಗುರುವಿನ ನೆನಪು ಬರುತ್ತೆ. ಎಣ್ಣೆಬಣ್ಣದ ಹೊಳಪು ಬಿಟ್ಟು ಟೆಂಪೆರಾ ಬಣ್ಣಕ್ಕೆ ಬಂದಿದ್ದರಿಂದ ಆ ಬೆಳಕು ಮೇಲಿಂದ ಮಿರಮಿರ ಅನ್ನದೆ ಒಳಗಿಂದ ಬಂದ ಹಾಗೆ ಕಾಣುತ್ತೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಪುರಾತತ್ವದ ಉತ್ಖನನ, 1901ರಲ್ಲಿ ಹೆಲೆನಾ ಜೊತೆ ಮದುವೆ, ಯೂರಿ ಮತ್ತು ಸ್ವೆತೊಸ್ಲಾವ್ ಅಂತ ಇಬ್ಬರು ಗಂಡುಮಕ್ಕಳು. 1913ರಲ್ಲಿ ಪ್ಯಾರಿಸ್‌ನಲ್ಲಿ ಭಾರಿ ಗದ್ದಲ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ನೃತ್ಯನಾಟಕಕ್ಕೆ ರಂಗಸಜ್ಜಿಕೆ, ಉಡುಪು ಎರಡೂ ರೋರಿಕ್ ಅವರದೇ. 1917ರ ಕ್ರಾಂತಿಯ ಹೊತ್ತಿಗೆ ಕುಟುಂಬ ಫಿನ್ಲೆಂಡ್ ಕಡೆ ಇತ್ತು. ಅಲ್ಲಿಂದ ಲಂಡನ್, 1920ರಲ್ಲಿ ಅಮೆರಿಕ. ಹುಟ್ಟಿದ ಊರಲ್ಲಿ ಮತ್ತೆ ಬದುಕೋದು ಅವರಿಗೆ ಸಾಧ್ಯವಾಗಲೇ ಇಲ್ಲ. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

1923ರ ಡಿಸೆಂಬರ್‌ನಲ್ಲಿ ಅವರು ಭಾರತಕ್ಕೆ ಬಂದರು, ಡಾರ್ಜಿಲಿಂಗ್‌ಗೆ. ಎದುರಿಗೆ ಕಾಂಚನಜುಂಗಾ. 1924ರಲ್ಲಿ ಒಂದು ಚಿತ್ರಮಾಲೆ ಶುರುವಾಯ್ತು. ಅದರಲ್ಲಿ ನನಗೆ ಇಷ್ಟವಾದ ಎರಡು ಚಿತ್ರ ಇವೆ. ಒಂದರ ಹೆಸರು ‘ಹುಡುಕಾಟದ ಮುತ್ತು’ ಅಂತ ಹೇಳಬಹುದು. ಹಿಂದೆ ಇಡೀ ಹಿಮಾಲಯ ಎದ್ದು ನಿಂತಿದೆ. ಮುಂದೆ ಗುರು ಮತ್ತು ಶಿಷ್ಯ ಕೂತಿದ್ದಾರೆ. ಇಬ್ಬರೂ ಬೆಟ್ಟವನ್ನು ನೋಡ್ತಿಲ್ಲ! ಕೈಯಲ್ಲಿರೋ ಒಂದು ಹಾರದಲ್ಲಿ ಮುತ್ತು ಹುಡುಕ್ತಿದ್ದಾರೆ. ಅಷ್ಟು ದೊಡ್ಡ ಬೆಟ್ಟದ ಮುಂದೆ ಕೂತು ಅಷ್ಟು ಚಿಕ್ಕದರ ಮೇಲೆ ಗಮನ. ಧ್ಯಾನ ಅಂದರೆ ಏನು ಅಂತ ಒಂದು ಚಿತ್ರದಲ್ಲಿ ಹೇಳಿ ಅಂದರೆ ನಾನು ಇದನ್ನೇ ತೋರಿಸ್ತೀನಿ. ಇನ್ನೊಂದು ಚಿತ್ರದ ಬಗ್ಗೆ ಕೊನೆಯಲ್ಲಿ ಹೇಳ್ತೀನಿ.

1925ರಲ್ಲಿ ಮಿಲರೇಪನ ಚಿತ್ರ ಬಂತು. ಮಿಲರೇಪ ಟಿಬೆಟಿನ ಮಹಾಯೋಗಿ, ಒಂಬೈನೂರು ವರ್ಷದ ಹಿಂದೆ ಗುಹೆಗಳಲ್ಲಿ ತುರಿಕೆ ಸೊಪ್ಪಿನ ಗಂಜಿ ಕುಡಿದು ಬದುಕಿದವನು ಅಂತ ಪ್ರಸಿದ್ಧಿ. ಟಿಬೆಟಿನ ಚಿತ್ರಗಳಲ್ಲಿ ಅವನ ಬಲಗೈ ಕಿವಿಯ ಹತ್ತಿರ ಇರುತ್ತೆ. ರೋರಿಕ್ ತಮ್ಮ ಚಿತ್ರಕ್ಕೆ ಕೊಟ್ಟ ಹೆಸರೂ ಆಲಿಸಿದವನು ಅನ್ನೋ ಅರ್ಥದ್ದೇ. ಬೆಟ್ಟದಲ್ಲಿ ಒಬ್ಬನೇ ಇರೋದು ಮಾತು ನಿಲ್ಲಿಸೋಕಲ್ಲ, ಏನನ್ನೋ ಕೇಳಿಸಿಕೊಳ್ಳೋಕೆ. ಕನ್ನಡದಲ್ಲಿ ನಾವು ಏಕಾಂತ ಬೇರೆ, ಒಂಟಿತನ ಬೇರೆ ಅಂತೀವಲ್ಲ, ಆ ವ್ಯತ್ಯಾಸ ಇಲ್ಲಿದೆ. ಒಂಟಿತನ ಮೇಲೆ ಬಂದು ಬೀಳೋದು, ಏಕಾಂತ ನಾವೇ ಮಾಡಿಕೊಳ್ಳೋದು.

ಐದು ಜನ, ತೊಂಬತ್ತು ಪ್ರಾಣಿ

ಈಗ ಆ ಏಕಾಂತದ ಖರ್ಚಿನ ಪುಸ್ತಕ ತೆರೆಯೋಣ.

1925ರಿಂದ 1928ರ ತನಕ ರೋರಿಕ್ ಕುಟುಂಬ ಮಧ್ಯ ಏಷ್ಯಾದ ಮಹಾಯಾತ್ರೆ ಮಾಡಿತು. ಕಾಶ್ಮೀರ, ಲಡಾಖ್, ಕಾರಕೋರಂ ಕಣಿವೆದಾರಿ, ಖೋತಾನ್, ಕಾಶ್ಗರ್, ಉರುಮ್ಚಿ, ಅಲ್ಲಿಂದ 1926ರಲ್ಲಿ ಮಾಸ್ಕೋ, ಅಲ್ತಾಯ್, ಮಂಗೋಲಿಯಾ, ಕೊನೆಗೆ ಟಿಬೆಟ್ ದಾಟಿ ಮತ್ತೆ ಭಾರತ. ಇದನ್ನು ಒಬ್ಬ ಚಿತ್ರಕಾರನ ಒಂಟಿ ಪಯಣ ಅಂದುಕೊಳ್ಳಬೇಡಿ. ಇದು ಒಂದು ಸಾರ್ಥ. ಭೈರಪ್ಪನವರ ಕಾದಂಬರಿ ಇದೆಯಲ್ಲ, ಅದೇ ಪದ. ಕುದುರೆ, ಒಂಟೆ, ಯಾಕ್, ಅವನ್ನು ನೋಡಿಕೊಳ್ಳೋರು, ಅಡುಗೆಯವರು, ದುಭಾಷಿಗಳು, ಕಾವಲಿನವರು, ಊರೂರಿನ ಅಧಿಕಾರಿಗಳ ಪರವಾನಗಿ ಚೀಟಿ.

ದುಡ್ಡು ಎಲ್ಲಿಯದು? ಅಮೆರಿಕದ್ದು. ನ್ಯೂಯಾರ್ಕಿನ ಲೂಯಿಸ್ ಹಾರ್ಚ್ ಅನ್ನೋ ಹಣಕಾಸು ವ್ಯಾಪಾರಿ ರೋರಿಕ್ ದಂಪತಿಯ ಭಕ್ತರಾಗಿದ್ದರು. 1923ರಲ್ಲೇ ನ್ಯೂಯಾರ್ಕಿನಲ್ಲಿ ರೋರಿಕ್ ಹೆಸರಿನ ಮ್ಯೂಸಿಯಂ ಶುರುವಾಗಿತ್ತು. ಹಿಮಾಲಯದಲ್ಲಿ ಬರೆದ ಚಿತ್ರಗಳು ಕಟ್ಟಿಸಿಕೊಂಡು ಅಲ್ಲಿಗೆ ಹೋಗ್ತಿದ್ದವು. 1929ರಲ್ಲಿ ಅದೇ ಊರಲ್ಲಿ ಹಡ್ಸನ್ ನದಿ ದಂಡೆಯಲ್ಲಿ ಇದಕ್ಕಾಗಿಯೇ ಒಂದು ಗಗನಚುಂಬಿ ಕಟ್ಟಡ ಎದ್ದಿತು. ಕೆಳಗಿನ ಮಹಡಿಗಳಲ್ಲಿ ಹಿಮಾಲಯ, ಮೇಲಿನ ಮಹಡಿಗಳಲ್ಲಿ ಬಾಡಿಗೆ ಮನೆಗಳು. ಬಾಡಿಗೆಯಿಂದ ಮ್ಯೂಸಿಯಂ ನಡೆಯಲಿ ಅನ್ನೋ ಲೆಕ್ಕ. ಅದೇ ವರ್ಷ ಶೇರುಪೇಟೆ ಕುಸಿಯಿತು, ಲೆಕ್ಕ ತಪ್ಪಿತು.

ಯಾತ್ರೆಯ ಉದ್ದೇಶವೂ ಬರೀ ಚಿತ್ರ ಆಗಿರಲಿಲ್ಲ. ಹೆಲೆನಾ ರೋರಿಕ್ ‘ಅಗ್ನಿಯೋಗ’ ಅನ್ನೋ ಪಂಥದ ಪುಸ್ತಕಗಳನ್ನು ಬರೆಯುತ್ತಿದ್ದರು. ಹಿಮಾಲಯದ ಆಚೆ ಇರುವ ಶಂಭಾಲ ಅನ್ನೋ ಗುಪ್ತ ರಾಜ್ಯದ ಮಾತು ಅವರ ಮನೆಯಲ್ಲಿ ದಿನಾ ಇತ್ತು. ಮಾಸ್ಕೋಗೆ ಹೋದಾಗ ರೋರಿಕ್ ಅಲ್ಲಿನ ಸೋವಿಯತ್ ಮಂತ್ರಿಗಳಿಗೆ ಹಿಮಾಲಯದ ಮಹಾತ್ಮರ ಹೆಸರಿನ ಪತ್ರವನ್ನೇ ತಲುಪಿಸಿದರು. ಆಧ್ಯಾತ್ಮ ಮತ್ತು ರಾಜಕೀಯ ಒಂದೇ ಮೂಟೆಯಲ್ಲಿ ಪ್ರಯಾಣ ಮಾಡ್ತಿದ್ದವು. ಭಾರತ ಆಳುತ್ತಿದ್ದ ಬ್ರಿಟಿಷರಿಗೆ ಈ ಮನುಷ್ಯ ಸೋವಿಯತ್ತಿನ ಕಡೆಯವನು ಅಂತ ಗುಮಾನಿ ಬಂತು.

1927ರ ಅಕ್ಟೋಬರ್. ಸಾರ್ಥ ಲ್ಹಾಸಾ ಕಡೆ ಹೊರಟಿತ್ತು. ಚಾಂಗ್‌ಥಾಂಗ್ ಅನ್ನೋ ಎತ್ತರದ ಬಯಲಲ್ಲಿ, ಸುಮಾರು 15,000 ಅಡಿಯ ಮೇಲೆ, ಟಿಬೆಟಿನ ಅಧಿಕಾರಿಗಳು ತಡೆದು ನಿಲ್ಲಿಸಿದರು. ಮುಂದೆ ಹೋಗೋ ಹಾಗಿಲ್ಲ, ಹಿಂದೆ ಹೋಗೋ ಹಾಗಿಲ್ಲ. ಇಡೀ ಚಳಿಗಾಲ ಬೇಸಿಗೆಯ ಡೇರೆಗಳಲ್ಲಿ ಕಳೆಯಬೇಕಾಯ್ತು. ಪತ್ರದ ಮೇಲೆ ಪತ್ರ ಬರೆದರೂ ಉತ್ತರ ಇಲ್ಲ. ಮೇವು ಮುಗಿಯಿತು. ಹಸಿದ ಪ್ರಾಣಿಗಳು ಡೇರೆಗಳ ಸುತ್ತ ಬಿದ್ದು ಸತ್ತವು. 1928ರ ಮಾರ್ಚ್‌ನಲ್ಲಿ ಬಿಡುಗಡೆ ಸಿಗೋ ಹೊತ್ತಿಗೆ ಸಾರ್ಥದ ಐದು ಜನ ತೀರಿಕೊಂಡಿದ್ದರು, ಸುಮಾರು ತೊಂಬತ್ತು ಪ್ರಾಣಿಗಳು ಸತ್ತಿದ್ದವು. ರೋರಿಕ್ ಕುಟುಂಬದವರೆಲ್ಲ ಬದುಕಿ ಬಂದರು. ಸತ್ತವರು ಜೊತೆಗೆ ಬಂದಿದ್ದ ಈ ನಾಡುಗಳ ಜನ.

ಈ ವಿಷಯ ಗುಟ್ಟೇನಲ್ಲ. ರೋರಿಕ್ ತಮ್ಮ ದಿನಚರಿ ‘ಅಲ್ತಾಯ್-ಹಿಮಾಲಯ’ದಲ್ಲಿ, ಹಿರಿಯ ಮಗ ಯೂರಿ ತಮ್ಮ ಪ್ರವಾಸದ ಪುಸ್ತಕದಲ್ಲಿ, ಇದನ್ನೆಲ್ಲ ಬರೆದಿದ್ದಾರೆ. ಆ ಪುಸ್ತಕಗಳ ತುಂಬ ಜನ. ಲಾಮಾಗಳು, ವ್ಯಾಪಾರಿಗಳು, ಸುಂಕದವರು, ಗಾಳಿಮಾತು ಹೊತ್ತು ತರೋರು, ಜಗಳ ಆಡೋ ಕುದುರೆಯಾಳುಗಳು. ಸಂತೆ ಥರ ಇದೆ ಆ ದಿನಚರಿ. ಅದೇ ಕೈ ಕುಂಚ ಹಿಡಿದಾಗ ಸಂತೆ ಮಾಯ. ನೀಲಿ ಬೆಟ್ಟ, ಬಿಳಿ ಮೋಡ, ಒಂದು ಶಿಖರ. ಮೌನ.

ಹಾಗಾದರೆ ಆ ಮೌನ ಸುಳ್ಳಾ?

ಇಲ್ಲಿ ಎರಡು ಸುಲಭದ ಉತ್ತರ ಸಿಗುತ್ತವೆ. ಒಂದು, ರೋರಿಕ್ ಮಹಾಋಷಿ, ಇದೆಲ್ಲ ಸಣ್ಣ ವಿಷಯ, ಕೇಳಬಾರದು ಅನ್ನೋದು. ಇನ್ನೊಂದು, ಎಲ್ಲ ಬೊಗಳೆ, ಶ್ರೀಮಂತರ ದುಡ್ಡಲ್ಲಿ ನಡೆದ ನಾಟಕ ಅನ್ನೋದು. ಎರಡೂ ನನಗೆ ಒಪ್ಪಿಗೆ ಇಲ್ಲ.

ಎರಡನೆಯದು ಯಾಕೆ ಒಪ್ಪಿಗೆ ಇಲ್ಲ ಅಂದರೆ, ಆ ಮನುಷ್ಯನ ದಿನಗಳು ಹೇಗಿದ್ದವು ನೋಡಿ. 1928ರ ಕೊನೆಗೆ ಕುಲ್ಲು ಕಣಿವೆಯ ನಗ್ಗರ್ ಊರಲ್ಲಿ ನೆಲೆ ನಿಂತರು. ಅಲ್ಲಿ ‘ಉರುಸ್ವತಿ’ ಅಂತ ಸಂಶೋಧನಾ ಸಂಸ್ಥೆ ನಡೆಸಿದರು, ಗಿಡಮೂಲಿಕೆ, ಟಿಬೆಟಿನ ವೈದ್ಯ, ಭಾಷೆ ಎಲ್ಲ ಅಭ್ಯಾಸ ಆಗ್ತಿತ್ತು. ಯುದ್ಧದಲ್ಲೂ ಗ್ರಂಥಾಲಯ, ದೇವಸ್ಥಾನ, ಮ್ಯೂಸಿಯಂಗಳ ಮೇಲೆ ಕೈಮಾಡಬಾರದು ಅನ್ನೋ ಒಪ್ಪಂದಕ್ಕೆ ವರ್ಷಗಟ್ಟಲೆ ಓಡಾಡಿದರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಮೆರಿಕ ಖಂಡಗಳ 21 ದೇಶಗಳು ಆ ‘ರೋರಿಕ್ ಒಪ್ಪಂದ’ಕ್ಕೆ ಸಹಿ ಹಾಕಿದವು. 1954ರ ಹೇಗ್ ಒಪ್ಪಂದಕ್ಕೆ ಅದು ಮುನ್ನುಡಿ.

ಅದೇ ಹೊತ್ತಿಗೆ ಇನ್ನೊಂದು ಕಡೆ ಎಲ್ಲ ಕುಸಿಯುತ್ತಿತ್ತು. ಬರ ತಡೆಯೋ ಹುಲ್ಲಿನ ಬೀಜ ಹುಡುಕೋಕೆ ಅಂತ ಅಮೆರಿಕದ ಕೃಷಿ ಇಲಾಖೆ 1934-35ರಲ್ಲಿ ಅವರನ್ನು ಮಂಚೂರಿಯಾ, ಮಂಗೋಲಿಯಾ ಕಡೆ ಕಳಿಸಿತ್ತು. ಅಲ್ಲೂ ರಾಜಕೀಯದ ಗುಮಾನಿ ಎದ್ದು, ಕಳಿಸಿದ ಸಚಿವ ಹೆನ್ರಿ ವ್ಯಾಲೇಸ್ ಅವರೇ ಕೈಬಿಟ್ಟರು. ಹಾರ್ಚ್ ತಿರುಗಿಬಿದ್ದರು. ಕಟ್ಟಡ, ಮ್ಯೂಸಿಯಂ ಕೈತಪ್ಪಿದವು, ತೆರಿಗೆ ಬಾಕಿ ಅಂತ ಕೇಸು ಬಂತು. ರೋರಿಕ್ ಮತ್ತೆ ಅಮೆರಿಕಕ್ಕೆ ಹೋಗಲೇ ಇಲ್ಲ.

ಇಷ್ಟು ಗದ್ದಲದ ನಡುವೆ ಆ ಕೈ ಮತ್ತೆ ಮತ್ತೆ ಅದೇ ಖಾಲಿ ಬೆಟ್ಟ ಬರೆಯಿತು. ಜೀವನದಲ್ಲಿ ಒಟ್ಟು ಸುಮಾರು ಏಳು ಸಾವಿರ ಕೃತಿ ಅಂತ ಲೆಕ್ಕ ಹಾಕ್ತಾರೆ. ತನ್ನ ಹತ್ತಿರ ಇರೋದನ್ನು ಯಾರೂ ಇಷ್ಟು ಸಲ ಕೇಳೋದಿಲ್ಲ. ಏಕಾಂತ ಅವರ ಹತ್ತಿರ ಇರಲಿಲ್ಲ, ಅದಕ್ಕೇ ಬರೆದರು. ಗುವೊ ಷಿ ಹೇಳಿದ, ಕೆಲಸ ಬಿಟ್ಟು ಏಳೋಕಾಗದ ಆ ಅಧಿಕಾರಿಯೂ, ಅವನಿಗೆ ಚಿತ್ರ ಬರೆದುಕೊಡೋ ಕಲಾವಿದನೂ ಇಲ್ಲಿ ಒಬ್ಬರೇ. ಹಾಗಾಗಿ ಪ್ರಾರ್ಥನೆ ಅಂತ ನೋಡಿದರೆ ಆ ಮೌನ ಸುಳ್ಳಲ್ಲ. ಪ್ರಾರ್ಥನೆಯಲ್ಲಿ ನಾವು ಇರೋದನ್ನು ಹೇಳೋಲ್ಲ, ಬೇಕಾದ್ದನ್ನು ಹೇಳ್ತೀವಿ.

ಆದರೆ ಅದನ್ನು ಭೂಪಟ ಅಂತ ಓದಿದರೆ ಸುಳ್ಳು. ಮೊದಲನೇ ಉತ್ತರ ನನಗೆ ಒಪ್ಪಿಗೆ ಇಲ್ಲದಿರೋದು ಇದಕ್ಕೆ. ಹಿಮಾಲಯ ಖಾಲಿ, ಅದು ಶಾಂತಿ ಹುಡುಕೋಕೆ ನಾವು ಹೋಗೋ ಜಾಗ ಅನ್ನೋ ಕಲ್ಪನೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ರೋರಿಕ್ ಒಬ್ಬರೇ ಕಾರಣ ಅಲ್ಲ, ಆದರೆ ಅವರ ಥರದ ಚಿತ್ರಗಳ ಪಾಲು ಇದೆ. ಅಲ್ಲಿ ಗೋಧಿ, ಬಾರ್ಲಿ ಬೆಳೆಯೋರಿದ್ದಾರೆ, ಕುರಿ ಮೇಯಿಸೋ ಗದ್ದಿ ಜನ ಇದ್ದಾರೆ, ಚಳಿಗಾಲಕ್ಕೆ ಸೌದೆ ಒಟ್ಟೋ ಹೆಂಗಸರಿದ್ದಾರೆ. ಖಾಲಿ ಅಂದುಕೊಂಡ ಜಾಗದಲ್ಲಿ ಅಣೆಕಟ್ಟು, ಸುರಂಗ, ಹೋಟೆಲ್ಲು ಕಟ್ಟುವಾಗ ಯಾರನ್ನೂ ಕೇಳಬೇಕು ಅನ್ನಿಸೋದಿಲ್ಲ. ಲಾಂಗ್ ವೀಕೆಂಡ್‌ಗೆ ಮನಾಲಿ ದಾರಿಯಲ್ಲಿ ಗಂಟೆಗಟ್ಟಲೆ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು, ಕೊನೆಗೆ ಜನ ಬಾರದ ಹಾಗೆ ಫ್ರೇಮ್ ಹಾಕಿ ಫೋಟೋ ತೆಗೆಯೋ ನಾವೂ ಅದನ್ನೇ ಮಾಡ್ತಿರೋದು.

ನಗ್ಗರ್‌ನಲ್ಲೇ ನಡೆದ ಇನ್ನೊಂದು ವಿಷಯ ಇದಕ್ಕೆ ಹೊಂದುತ್ತೆ. ಮಗ ಯೂರಿ ದೊಡ್ಡ ಟಿಬೆಟ್ ವಿದ್ವಾಂಸರು. ಹದಿನೈದನೇ ಶತಮಾನದ ಟಿಬೆಟಿನ ಇತಿಹಾಸಗ್ರಂಥ ‘ಬ್ಲೂ ಆನಲ್ಸ್’ ಅನ್ನು ಅವರು ಇಂಗ್ಲಿಷಿಗೆ ತಂದರು, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ 1949 ಮತ್ತು 1953ರಲ್ಲಿ ಎರಡು ಭಾಗವಾಗಿ ಪ್ರಕಟಿಸಿತು. ಆ ಅನುವಾದದಲ್ಲಿ ಜೊತೆಗೆ ಕೂತು ಕೆಲಸ ಮಾಡಿದವರು ಗೆಂದುನ್ ಚೋಫೆಲ್, ಇಪ್ಪತ್ತನೇ ಶತಮಾನದ ಟಿಬೆಟಿನ ಅತಿ ಮುಖ್ಯ ಚಿಂತಕರಲ್ಲಿ ಒಬ್ಬರು. ಮುನ್ನುಡಿಯಲ್ಲಿ ಅವರಿಗೆ ಕೃತಜ್ಞತೆ ಇದೆ. ಮುಖಪುಟದಲ್ಲಿ ಹೆಸರಿಲ್ಲ. ಚಿತ್ರದಲ್ಲಾಗಲಿ ಪುಸ್ತಕದಲ್ಲಾಗಲಿ, ಚೌಕಟ್ಟಿನ ಒಳಗೆ ಯಾರು, ಹೊರಗೆ ಯಾರು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ತಿರುಗಿ ನೋಡೋ ಸವಾರ

ರೋರಿಕ್ ತೀರಿಕೊಂಡಿದ್ದು 1947ರ ಡಿಸೆಂಬರ್ 13ರಂದು, ನಗ್ಗರ್‌ನಲ್ಲಿ. ಕೊನೆಗಾಲದಲ್ಲಿ ರಷ್ಯಾಗೆ ವಾಪಸ್ ಹೋಗಬೇಕು ಅಂತ ಪ್ರಯತ್ನಪಟ್ಟಿದ್ದರು, ಆಗಲಿಲ್ಲ. ಅವರು ಬರೆದ ಬೆಟ್ಟಗಳ ಎದುರಿಗೇ ಚಿತೆ ಉರಿಯಿತು. ಅಲ್ಲಿ ಈಗ ಒಂದು ಕಲ್ಲು ಇದೆ.

ಆಮೇಲೆ ಭಾರತ ಸರ್ಕಾರ ಅವರ ಕೃತಿಗಳನ್ನು ರಾಷ್ಟ್ರದ ಕಲಾನಿಧಿ ಅಂತ ಘೋಷಿಸಿತು. 1972ರ ಕಾನೂನಿನ ಪ್ರಕಾರ ಹೀಗೆ ಘೋಷಿಸಿದ ಕಲಾವಿದರ ಪಟ್ಟಿಯಲ್ಲಿ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಅಂಥವರ ಜೊತೆ ಹುಟ್ಟಿನಿಂದ ವಿದೇಶಿಯರಾದ ರೋರಿಕ್ ಹೆಸರೂ ಇದೆ. ಅಂದರೆ ಇಲ್ಲಿರೋ ಅವರ ಚಿತ್ರಗಳನ್ನು ಮಾರಾಟಕ್ಕೆ ಅಂತ ದೇಶದ ಹೊರಗೆ ಒಯ್ಯೋ ಹಾಗಿಲ್ಲ. ಹೊರಗಿರೋ ಒಂದು ಚಿತ್ರ 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 79 ಲಕ್ಷ ಪೌಂಡಿಗೆ ಹೋಯ್ತು. ಮೌನಕ್ಕೂ ಮಾರುಕಟ್ಟೆ ಇದೆ.

ಕೊನೆಗೆ ಹೇಳ್ತೀನಿ ಅಂದಿದ್ದ ಇನ್ನೊಂದು ಚಿತ್ರ. ಅದೂ 1924ರದೇ. ಹೆಸರು ‘ನೆನಪಿಡು’ ಅನ್ನೋ ಅರ್ಥದ್ದು. ಹಿಂದೆ ಹಿಮದ ಬೆಟ್ಟಗಳು. ಒಬ್ಬ ಕುದುರೆ ಸವಾರ ದೂರ ಪ್ರಯಾಣಕ್ಕೆ ಹೊರಟಿದ್ದಾನೆ. ಒಂದು ಗಳಿಗೆ ಕುದುರೆ ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡ್ತಿದ್ದಾನೆ. ಅಲ್ಲಿ ಮನೆ ಇದೆ, ಮನೆ ಮುಂದೆ ಅವನನ್ನು ಕಳಿಸಿಕೊಡೋಕೆ ಬಂದ ಹೆಂಗಸರು ನಿಂತಿದ್ದಾರೆ. ಊರು ಕಳೆದುಕೊಂಡ ಒಬ್ಬ ಮನುಷ್ಯ ಹಿಮಾಲಯಕ್ಕೆ ಬಂದ ಹೊಸದರಲ್ಲಿ ಬರೆದ ಚಿತ್ರ ಇದು. ಬೆಟ್ಟದ ಕಡೆ ಹೋಗೋನು ಯಾರನ್ನೋ ಬಿಟ್ಟು ಹೋಗ್ತಿರ್ತಾನೆ, ಯಾರೋ ಅವನಿಗೆ ದಾರಿಯ ಬುತ್ತಿ ಕಟ್ಟಿಕೊಟ್ಟಿರ್ತಾರೆ ಅನ್ನೋದು ರೋರಿಕ್‌ಗೆ ಗೊತ್ತಿತ್ತು. ನನಗೆ ಅವರ ಸಾವಿರ ಖಾಲಿ ಶಿಖರಗಳಿಗಿಂತ ಈ ಒಂದು ತಿರುಗಿ ನೋಡೋ ನೋಟ ದೊಡ್ಡದು ಅನ್ನಿಸುತ್ತೆ.

ನಿಕೋಲಸ್ ಮತ್ತು ಸ್ವೆತೊಸ್ಲಾವ್, ತಂದೆ ಮಗ ಇಬ್ಬರ ಚಿತ್ರಗಳೂ ಬೆಂಗಳೂರಿನ ಕುಮಾರ ಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ. ಚಿತ್ರಸಂತೆ ದಿನದ ನೂಕುನುಗ್ಗಲಲ್ಲಿ ಬೇಡ, ಯಾವುದಾದರೂ ವಾರದ ದಿನ ಹೋಗಿ. ಮೊದಲು ಸುಮ್ಮನೆ ನಿಂತು ನೋಡಿ, ಆ ಮೌನ ನಿಮ್ಮೊಳಗೆ ಇಳಿಯಲಿ, ಅದು ನಿಜವಾದದ್ದೇ. ಆಮೇಲೆ ಚಿತ್ರದ ಕೆಳಗಿನ ಬಲಮೂಲೆ ನೋಡಿ, ಫಾನ್ ಕುವಾನ್ ಹೇಸರಗತ್ತೆಗಳನ್ನು ಇಟ್ಟಿದ್ದ ಜಾಗ. ಅಲ್ಲಿ ಏನೂ ಇಲ್ಲದಿದ್ದರೆ, ಆ ಕ್ಯಾನ್ವಾಸನ್ನು ಅಷ್ಟು ಎತ್ತರಕ್ಕೆ ಹೊತ್ತವರನ್ನು ನೀವೇ ಒಮ್ಮೆ ಅಲ್ಲಿ ನಿಲ್ಲಿಸಿಕೊಳ್ಳಿ. ಬೆಟ್ಟ ಅದರಿಂದ ಸಣ್ಣದಾಗೋದಿಲ್ಲ.

ಇವತ್ತಿಗೆ ಇಷ್ಟು. ನೀವು ಈ ಚಿತ್ರಗಳನ್ನು ನೋಡಿದ್ದರೆ, ನಗ್ಗರ್ ಕಡೆ ಹೋಗಿ ಬಂದಿದ್ದರೆ, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.